ದೊಡ್ಡಪ್ಪ ಯಾವ ಕಡೆಯವರು?

ಅಣ್ಣನಿಗೆ 53ನೆಯ ವಯಸ್ಸಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೆಂದು ಗೊತ್ತಾದ ಕೆಲವು ವಾರಗಳ ನಂತರ, ನಾವಿಬ್ಬರೂ ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶವಾಹಿಗಳ ಪರೀಕ್ಷೆಯ ಬಗ್ಗೆ ಸಲಹೆ ಕೊಡುವವರು, ಒಬ್ಬರ ಎದುರು ಕುಳಿತಿದ್ದೆವು. ರಕ್ತ ತೆಗೆಯುತ್ತಾರೆ, ಯಂತ್ರಕ್ಕೆ ಕೊಡುತ್ತಾರೆ, ಉತ್ತರ ಬರುತ್ತದೆ ಎಂದುಕೊಂಡಿದ್ದ ನನಗೆ ಆಶ್ಚರ್ಯವಾಗುವಂತೆ, ಅವರು ಮೊದಲ ಮುಕ್ಕಾಲು ಗಂಟೆ ರಕ್ತದ ಮಾತನ್ನೇ ಎತ್ತಲಿಲ್ಲ. ಒಂದು ಬಿಳಿ ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು, ಪೆನ್ಸಿಲಿನಿಂದ ನಮ್ಮ ಕುಟುಂಬವನ್ನು ಬರೆಯತೊಡಗಿದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರ ಮೇಲೆ ಒಂದು ಓರೆಗೆರೆ, ಕ್ಯಾನ್ಸರ್ ಬಂದವರ ಗುರುತಿಗೆ ಪೂರ್ತಿ ಕಪ್ಪು. ಅಣ್ಣನ ಚೌಕವನ್ನು ಅವರು ನಿಧಾನವಾಗಿ ಕಪ್ಪು ಮಾಡುವುದನ್ನು ನೋಡುತ್ತ ಕುಳಿತದ್ದು ಈಗಲೂ ಕಣ್ಣ ಮುಂದಿದೆ.

"ನಮ್ಮ ದೊಡ್ಡಪ್ಪನಿಗೂ ಇದೇ ಕಾಯಿಲೆ ಇತ್ತು" ಎಂದು ಅಣ್ಣ ಹೇಳಿದ.

"ಯಾವ ದೊಡ್ಡಪ್ಪ? ನಿಮ್ಮ ತಂದೆಯವರ ಅಣ್ಣನೋ, ದೊಡ್ಡಮ್ಮನ ಯಜಮಾನರೋ?" ಎಂದು ಅವರು ಕೇಳಿದರು.

ಪ್ರಶ್ನೆ ಸಣ್ಣದು, ಆದರೆ ಎಲ್ಲವೂ ಅದರಲ್ಲೇ ಇತ್ತು. ಅಣ್ಣ ಹೇಳಿದ ದೊಡ್ಡಪ್ಪ ನಮ್ಮ ತಾಯಿಯ ಅಕ್ಕನ ಗಂಡ. ನಮ್ಮನ್ನು ಎತ್ತಿ ಆಡಿಸಿದವರು, ಆದರೆ ರಕ್ತಸಂಬಂಧವಿಲ್ಲದವರು. ಕನ್ನಡದಲ್ಲಿ ತಂದೆಯ ಅಣ್ಣನೂ ದೊಡ್ಡಪ್ಪನೇ, ದೊಡ್ಡಮ್ಮನ ಗಂಡನೂ ದೊಡ್ಡಪ್ಪನೇ. ಅದೇ ರೀತಿ ಒಡಹುಟ್ಟಿದ ಅಣ್ಣನೂ ಅಣ್ಣ, ದೊಡ್ಡಪ್ಪನ ಮಗನೂ ಅಣ್ಣ. ಪ್ರೀತಿಗೆ ಈ ಏಕರೂಪ ಚೆನ್ನಾಗಿ ಹೊಂದುತ್ತದೆ, ವಂಶವಾಹಿಗಳ ಲೆಕ್ಕಕ್ಕೆ ಹೊಂದುವುದಿಲ್ಲ. ಆ ದೊಡ್ಡಪ್ಪನ ಚೌಕ ಹಾಳೆಯ ಅಂಚಿಗೆ ಸರಿಯಿತು, ನಮ್ಮ ಲೆಕ್ಕದಿಂದ ಹೊರಬಿತ್ತು.

ಆಮೇಲೆ ಸೋದರಮಾವನ ವಿಷಯ ಬಂತು. ಪ್ರಾಸ್ಟೇಟ್ ಗಂಡಸರ ಕಾಯಿಲೆಯಾದ್ದರಿಂದ ಅದು ತಂದೆಯ ಕಡೆಯಿಂದಲೇ ಬರಬೇಕೆಂದು ನಾವಿಬ್ಬರೂ ತೀರ್ಮಾನಿಸಿಬಿಟ್ಟಿದ್ದೆವು. ವಂಶ ಎಂದ ಕೂಡಲೇ ತಂದೆ, ಅಜ್ಜ, ಮುತ್ತಜ್ಜ ಎಂದು ಒಂದೇ ಗೆರೆಯಲ್ಲಿ ಹಿಂದಕ್ಕೆ ಹೋಗುವುದು ನಮ್ಮ ಮಾತಿನಲ್ಲಿಯೇ ಬೆರೆತುಹೋಗಿದೆ. ಆದರೆ ಈ ಕಾಯಿಲೆಯ ಮಟ್ಟಿಗೆ ಹೆಚ್ಚು ತೂಕದ್ದೆಂದು ಗೊತ್ತಿರುವ ಬಿಆರ್‌ಸಿಎ2 ಜೀನ್ ಇರುವುದು 13ನೆಯ ಕ್ರೋಮೋಸೋಮಿನಲ್ಲಿ, ಎಚ್‌ಒಎಕ್ಸ್‌ಬಿ13 ಇರುವುದು 17ನೆಯದರಲ್ಲಿ. ಇವೆರಡರಲ್ಲಿ ಯಾವುದರ ದೋಷವಾದರೂ ಗಂಡು ಹೆಣ್ಣೆಂಬ ಭೇದವಿಲ್ಲದೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವದಲ್ಲಿ ದಾಟುವಂಥದು. ಪ್ರಾಸ್ಟೇಟ್ ಗ್ರಂಥಿಯೇ ಇಲ್ಲದ ತಾಯಿ, ದೋಷವಿರುವ ಜೀನನ್ನು ತನ್ನ ತಂದೆಯಿಂದ ಪಡೆದು, ತನಗೆ ಯಾವ ಲಕ್ಷಣವೂ ಕಾಣಿಸದೆ ಮಗನಿಗೆ ಕೊಟ್ಟಿರಬಹುದು. ಬಿಆರ್‌ಸಿಎ2ರ ದೋಷ ಹೆಂಗಸರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರಾಗಿಯೂ ಕಾಣಿಸಿಕೊಳ್ಳಬಹುದು. ಹಾಗಾಗಿ ಕೌನ್ಸೆಲರ್ ತಾಯಿಯ ಕಡೆಯ ಹೆಂಗಸರಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತೇ ಎಂದು ಎರಡೆರಡು ಸಲ ಕೇಳಿದರು. ಸೋದರಮಾವ 61ನೆಯ ವಯಸ್ಸಿನಲ್ಲಿ ಸೊಂಟದ ನೋವಿನಿಂದ ಹಾಸಿಗೆ ಹಿಡಿದು ತೀರಿಕೊಂಡಿದ್ದರು. ಮನೆಯಲ್ಲಿ ಎಲ್ಲರೂ ಅದನ್ನು ಮೂಳೆ ಸವೆತ ಎನ್ನುತ್ತಿದ್ದರು. ಪ್ರಾಸ್ಟೇಟ್ ಕ್ಯಾನ್ಸರ್ ಹರಡುವಾಗ ಮೊದಲು ಹಿಡಿಯುವ ಜಾಗಗಳಲ್ಲಿ ಸೊಂಟದ ಮತ್ತು ಬೆನ್ನಿನ ಮೂಳೆಗಳೂ ಸೇರಿವೆ. ಅವರ ಚೌಕದೊಳಗೆ ಕೌನ್ಸೆಲರ್ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದಕ್ಕೆ ಹೋದರು.

ಈ ಚಿತ್ರಕ್ಕೆ ಇಷ್ಟು ಬೆಲೆ ಏಕೆಂಬುದು ಆಮೇಲೆ ಓದುತ್ತ ಹೋದಂತೆ ನನಗೆ ತಿಳಿಯಿತು. ತಂದೆಗೆ ಈ ಕಾಯಿಲೆ ಬಂದಿದ್ದರೆ ಮಗನ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಅಣ್ಣನಿಗೋ ತಮ್ಮನಿಗೋ ಬಂದಿದ್ದರೆ ಅದಕ್ಕಿಂತಲೂ ತುಸು ಹೆಚ್ಚು. ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಅಥವಾ ಹತ್ತಿರದ ಇಬ್ಬರಿಗೆ ಬಂದಿದ್ದರೆ, ಇನ್ನೂ ಏರುತ್ತದೆ. ಡೆನ್ಮಾರ್ಕ್, ಫಿನ್‌ಲ್ಯಾಂಡ್, ನಾರ್ವೆ, ಸ್ವೀಡನ್‌ಗಳ ಅವಳಿಗಳನ್ನು ದಶಕಗಳ ಕಾಲ ಹಿಂಬಾಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವು, ಪ್ರಾಸ್ಟೇಟ್ ಕ್ಯಾನ್ಸರಿನ ವಿಷಯದಲ್ಲಿ ಜನರ ನಡುವಿನ ವ್ಯತ್ಯಾಸದ ಶೇ. 57ರಷ್ಟು ಆನುವಂಶಿಕವೆಂದು ಅಂದಾಜಿಸಿತು. ಸಾಮಾನ್ಯವಾಗಿ ಕಾಣಿಸುವ ಕ್ಯಾನ್ಸರುಗಳಲ್ಲಿ ಇಷ್ಟು ದೊಡ್ಡ ಅಂದಾಜು ವಿರಳ. ಆದರೆ ಈ ಸಂಖ್ಯೆಯನ್ನು ತಪ್ಪಾಗಿ ಓದುವುದು ಬಹಳ ಸುಲಭ, ನಾನೂ ಮೊದಲು ತಪ್ಪಾಗಿಯೇ ಓದಿದ್ದೆ. ಒಬ್ಬ ಮನುಷ್ಯನ ಕಾಯಿಲೆಯಲ್ಲಿ ಶೇ. 57 ಪಾಲು ಜೀನಿನದು ಎಂದು ಅದರ ಅರ್ಥವಲ್ಲ. ಆ ನಾಲ್ಕು ದೇಶಗಳ ಜನರೊಳಗೆ, ಒಬ್ಬನಿಗೆ ಬಂದು ಇನ್ನೊಬ್ಬನಿಗೆ ಬಾರದಿರುವ ವ್ಯತ್ಯಾಸವನ್ನು ವಿವರಿಸುವುದರಲ್ಲಿ ಜೀನುಗಳ ಪಾಲು ಅಷ್ಟು, ಎಂದು ಮಾತ್ರ. ಒಂದು ಜನಸಮುದಾಯಕ್ಕೂ ಇನ್ನೊಂದಕ್ಕೂ ಇರುವ ಅಂತರದ ಬಗ್ಗೆ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ.

ಆ ಅಂತರವಾದರೋ ಚಿಕ್ಕದೇನಲ್ಲ. ಕೌನ್ಸೆಲರ್ ಕೊಟ್ಟ ನಮೂನೆಯ ಎರಡನೆಯ ಪುಟದಲ್ಲಿ ವಂಶಮೂಲ ಎಂಬ ಶೀರ್ಷಿಕೆಯ ಕೆಳಗೆ ಯುರೋಪಿಯನ್, ಆಫ್ರಿಕನ್, ಪೂರ್ವ ಏಷ್ಯಾ, ದಕ್ಷಿಣ ಏಷ್ಯಾ, ಇತರೆ ಎಂದು ಸಾಲಾಗಿ ಪುಟ್ಟ ಮನೆಗಳಿದ್ದವು. ಇಂಥ ಮನೆಗಳಲ್ಲಿ ಟಿಕ್ ಹಾಕಿದವರ ಅಂಕಿ ಅಂಶಗಳನ್ನು ಇಂಗ್ಲೆಂಡಿನಲ್ಲಿ 2008ರಿಂದ 2010ರವರೆಗಿನ ದಾಖಲೆಗಳಿಂದ ಲೆಕ್ಕ ಹಾಕಿದಾಗ, ಜೀವಮಾನದಲ್ಲಿ ಈ ಕ್ಯಾನ್ಸರ್ ಪತ್ತೆಯಾಗುವ ಸಂಭವ ಕಪ್ಪು ವರ್ಣೀಯ ಗಂಡಸರಲ್ಲಿ ನಾಲ್ವರಲ್ಲಿ ಒಬ್ಬರಿಗೆ, ಬಿಳಿಯರಲ್ಲಿ ಎಂಟರಲ್ಲಿ ಒಬ್ಬರಿಗೆ, ಏಷ್ಯಾ ಮೂಲದವರಲ್ಲಿ ಹದಿಮೂರರಲ್ಲಿ ಒಬ್ಬರಿಗೆ ಎಂದು ಕಂಡುಬಂತು. ಈ ಕಾಯಿಲೆಯಿಂದಲೇ ಸಾಯುವ ಸಂಭವ ಕ್ರಮವಾಗಿ ಹನ್ನೆರಡರಲ್ಲಿ, ಇಪ್ಪತ್ತನಾಲ್ಕರಲ್ಲಿ ಮತ್ತು ನಲವತ್ತನಾಲ್ಕರಲ್ಲಿ ಒಂದು. ಈ ಸಂಖ್ಯೆಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಭಾಗಿಸಿ ನೋಡಿ: ಪತ್ತೆಯಾದವರಲ್ಲಿ ಅದರಿಂದಲೇ ಸಾಯುವವರ ಪಾಲು ಮೂರೂ ಗುಂಪುಗಳಲ್ಲಿ ಮೂರನೆಯ ಒಂದರ ಆಸುಪಾಸಿನಲ್ಲೇ ಇದೆ. ಗುಂಪುಗಳ ನಡುವಿನ ವ್ಯತ್ಯಾಸ ಕಾಯಿಲೆ ಬರುವುದರಲ್ಲಿದೆಯೇ ಹೊರತು, ಬಂದ ಮೇಲಿನ ಅದರ ಕ್ರೌರ್ಯದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಏಷ್ಯಾ ಮೂಲದವನೆಂಬ ಟಿಕ್ ಗುರುತು ಅಣ್ಣನಿಗೆ ಕಾಯಿಲೆ ಬರುವ ಮೊದಲು ಅನುಕೂಲವಾಗಿತ್ತು. ಬಂದ ಮೇಲೆ ಅದರಿಂದ ಆಗಬೇಕಾದದ್ದೇನೂ ಉಳಿದಿರಲಿಲ್ಲ.

ಹಾಗಾದರೆ ಆಫ್ರಿಕನ್ ಮೂಲದವರಲ್ಲಿ ಅಪಾಯ ಹೆಚ್ಚಾಗಿರುವುದು ಅವರ ಡಿಎನ್‌ಎಯಿಂದಲೋ, ಬದುಕಿನ ಸ್ಥಿತಿಗತಿಯಿಂದಲೋ? ಈ ಪ್ರಶ್ನೆಯ ಒಂದು ತುಂಡಿಗೆ ಉತ್ತರ ಸಿಕ್ಕ ಬಗೆ ಬಹಳ ಜಾಣತನದ್ದು. ಅಮೆರಿಕದ ಕಪ್ಪು ವರ್ಣೀಯರಲ್ಲಿ ಹೆಚ್ಚಿನವರ ಡಿಎನ್‌ಎ, ಎರಡು ಬಗೆಯ ಬಟ್ಟೆಯ ತುಂಡುಗಳನ್ನು ಹೊಲಿದು ಮಾಡಿದ ಕೌದಿಯ ಹಾಗಿರುತ್ತದೆ. ಹೆಚ್ಚು ತುಂಡುಗಳು ಆಫ್ರಿಕಾದವು, ನಡುನಡುವೆ ಯುರೋಪಿನವು. ಇಡೀ ಕೌದಿಯಲ್ಲಿ ಆಫ್ರಿಕಾದ ಪಾಲು ಸರಾಸರಿ ಎಷ್ಟೆಂದು ತಿಳಿದಿರುವಾಗ, ಪ್ರಾಸ್ಟೇಟ್ ಕ್ಯಾನ್ಸರ್ ಬಂದವರಲ್ಲಿ ಮಾತ್ರ ಯಾವುದಾದರೊಂದು ಜಾಗದಲ್ಲಿ ಆ ಪಾಲು ಸರಾಸರಿಗಿಂತ ಹೆಚ್ಚಾಗಿ ಕಂಡರೆ, ಅಪಾಯದ ಬೀಜ ಅಲ್ಲಿಯೇ ಎಲ್ಲೋ ಇದೆ ಎಂದಾಯಿತು. ಹೀಗೆ ಹುಡುಕಿದವರಿಗೆ 2006ರಲ್ಲಿ 8ನೆಯ ಕ್ರೋಮೋಸೋಮಿನ ಉದ್ದ ತೋಳಿನ ಒಂದು ಜಾಗ, ಅಂದರೆ 8ಕ್ಯೂ24, ಸಿಕ್ಕಿತು. ಅದೇ ವರ್ಷ ಐಸ್‌ಲ್ಯಾಂಡಿನ ಕುಟುಂಬಗಳ ಮೇಲೆ ಬೇರೆಯದೇ ವಿಧಾನದಿಂದ ಕೆಲಸ ಮಾಡುತ್ತಿದ್ದ ತಂಡವೂ ಅದೇ ಜಾಗಕ್ಕೆ ಬಂದು ತಲುಪಿತ್ತು. ಭೂಮಿಯ ಎರಡು ಕೊನೆಗಳಿಂದ ಸುರಂಗ ತೋಡುತ್ತ ಬಂದವರು ನಡುವೆ ಮುಖಾಮುಖಿಯಾದಂತೆ.

ಸಿಕ್ಕ ಜಾಗವೂ ವಿಚಿತ್ರವಾದದ್ದು. ಪ್ರೋಟೀನ್ ತಯಾರಿಸುವ ಜೀನುಗಳು ಅಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತಜ್ಞರು ಅದನ್ನು ಜೀನುಗಳ ಮರುಭೂಮಿ ಎಂದೇ ಕರೆಯುತ್ತಾರೆ. ಆದರೆ ತುಸು ದೂರದಲ್ಲಿ ಎಂವೈಸಿ ಎಂಬ ಜೀನ್ ಇದೆ, ಕೋಶಗಳನ್ನು ಬೆಳೆಯಲು ಹಚ್ಚುವ ಜೀನ್ ಅದು. ಮರುಭೂಮಿಯಲ್ಲಿರುವ ಡಿಎನ್‌ಎಯ ಅಕ್ಷರಗಳು ಅದನ್ನು ಏರಿಸುವ ಇಳಿಸುವ ಗುಂಡಿಗಳಂತೆ ವರ್ತಿಸುತ್ತವೆ ಎಂಬುದು ಈಗಿನ ತಿಳಿವಳಿಕೆ. ಈ ಪ್ರದೇಶದಲ್ಲೇ ಇರುವ ಒಂದು ರೂಪಾಂತರವನ್ನು, ಅಂದರೆ ಅಕ್ಷರದ ಬದಲಾವಣೆಯನ್ನು, ಆಫ್ರಿಕನ್ ಮೂಲದ ಗಂಡಸರಲ್ಲಿ ಸುಮಾರು ಎಂಟರಲ್ಲಿ ಒಬ್ಬರು ಹೊತ್ತಿರುತ್ತಾರೆ, ಉಳಿದ ಜನರಲ್ಲಿ ಅದು ಇಲ್ಲವೆಂದೇ ಹೇಳಬಹುದು, ಮತ್ತು ಅದೊಂದೇ ಸಾಕು, ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಇದರ ಇನ್ನೊಂದು ಮುಖವನ್ನು ಗಮನಿಸಬೇಕು: ಎಂಟರಲ್ಲಿ ಏಳು ಮಂದಿಯಲ್ಲಿ ಅದು ಇಲ್ಲ. ನಮೂನೆಯ ಮನೆಯಲ್ಲಿ ಟಿಕ್ ಹಾಕಿದ ಎಂಟೂ ಜನರನ್ನು ಒಂದೇ ತಕ್ಕಡಿಯಲ್ಲಿ ತೂಗುವುದೆಂದರೆ ಆ ಏಳು ಮಂದಿಯನ್ನು ತಪ್ಪಾಗಿ ತೂಗಿದಂತೆ.

ಎಚ್‌ಒಎಕ್ಸ್‌ಬಿ13ರ ಕಥೆ ನನಗೆ ಇದಕ್ಕಿಂತಲೂ ಹೆಚ್ಚು ಪಾಠ ಕಲಿಸಿತು. ಪ್ರಾಸ್ಟೇಟ್ ಗ್ರಂಥಿ ರೂಪುಗೊಳ್ಳುವುದರಲ್ಲಿ ಕೈಯಿರುವ ಈ ಜೀನಿನಲ್ಲಿ ಜಿ84ಇ ಎಂಬ ಒಂದಕ್ಷರದ ಬದಲಾವಣೆ, ಅಂದರೆ ಪ್ರೋಟೀನಿನ 84ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲದ ಬದಲು ಇನ್ನೊಂದು, ಕಾಯಿಲೆಯವರಲ್ಲಿ ಶೇ. 1.4ರಷ್ಟು, ಇಲ್ಲದವರಲ್ಲಿ ಶೇ. 0.1ರಷ್ಟು ಇರುವುದನ್ನು 2012ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಇದು ಉತ್ತರ ಯುರೋಪಿನ, ಅದರಲ್ಲೂ ಸ್ವೀಡನ್ ಮತ್ತು ಫಿನ್‌ಲ್ಯಾಂಡ್ ಕಡೆಯ ಪೂರ್ವಜರ ಆಸ್ತಿ. ಆಮೇಲೆ ಅದೇ ಜೀನಿನಲ್ಲಿ ಚೀನಾದ ರೋಗಿಗಳಲ್ಲಿ 135ನೆಯ ಸ್ಥಾನದ ಬದಲಾವಣೆ ಸಿಕ್ಕಿತು, ಜಪಾನಿನವರಲ್ಲಿ 132ನೆಯದು, ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಜೀನಿನ ತುದಿಯ ಪೂರ್ಣವಿರಾಮವೇ ಅಳಿಸಿಹೋದಂಥ ಮತ್ತೊಂದು. ಜೀನ್ ಒಂದೇ, ಆದರೆ ಪ್ರತಿಯೊಂದು ಕಡೆಯೂ ಯಾರೋ ಒಬ್ಬ ಪೂರ್ವಜನಲ್ಲಿ ಬೇರೆ ಬೇರೆ ಕಾಲಕ್ಕೆ ಆದ ಬೇರೆ ಬೇರೆ ಕೈತಪ್ಪು. ಜಿ84ಇ ಒಂದನ್ನೇ ಹುಡುಕುವ ಪರೀಕ್ಷೆ ಮಾಡಿಸಿಕೊಂಡ ಚೀನಾದ ಗಂಡಸಿಗೆ "ಏನೂ ಇಲ್ಲ" ಎಂದು ವರದಿ ಬಂದರೆ, ಆ ವರದಿ ಸುಳ್ಳಲ್ಲ, ಆದರೆ ಅವನಿಗೆ ಸಂಬಂಧಪಟ್ಟದ್ದೂ ಅಲ್ಲ. ವಂಶಮೂಲ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ: ಯಾರಿಗೆ ಅಪಾಯ ಹೆಚ್ಚು ಎಂದು ತೀರ್ಪು ಕೊಡುವುದಕ್ಕಲ್ಲ, ಯಾರಲ್ಲಿ ಎಲ್ಲಿ ಹುಡುಕಬೇಕು ಎಂದು ತಿಳಿಯುವುದಕ್ಕೆ. ಅಶ್ಕೆನಾಜಿ ಯಹೂದಿಗಳಲ್ಲಿ ಸುಮಾರು ನಲವತ್ತರಲ್ಲಿ ಒಬ್ಬರು ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2ರ ಮೂರು ನಿರ್ದಿಷ್ಟ ದೋಷಗಳಲ್ಲಿ ಒಂದನ್ನು ಹೊತ್ತಿರುವುದೂ ಇಂಥದೇ ಮಾತು.

ಇಂಥ ದೊಡ್ಡ ದೋಷಗಳು ಕೆಲವರಲ್ಲಿ ಮಾತ್ರ ಇರುತ್ತವೆ. ಮೂಳೆ ಮತ್ತಿತರ ಅಂಗಗಳಿಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನ 692 ಗಂಡಸರನ್ನು ಪರೀಕ್ಷಿಸಿದ 2016ರ ಅಧ್ಯಯನದಲ್ಲಿ ಶೇ. 11.8 ಮಂದಿಗೆ ಡಿಎನ್‌ಎ ದುರಸ್ತಿ ಮಾಡುವ ಜೀನುಗಳಲ್ಲಿ ಹುಟ್ಟಿನಿಂದ ಬಂದ ದೋಷವಿತ್ತು. ಇದು ನೆಂಟರಿಗಷ್ಟೇ ಅಲ್ಲ, ರೋಗಿಗೂ ಮುಖ್ಯ. ಅಂಥವರಲ್ಲಿ ಕೆಲವರಿಗೆ ಒಲಪಾರಿಬ್‌ನಂತಹ ಔಷಧ ಚೆನ್ನಾಗಿ ಹಿಡಿಯುತ್ತದೆ, ಅಮೆರಿಕದ ನಿಯಂತ್ರಣ ಸಂಸ್ಥೆ ಅದಕ್ಕೆ 2020ರಲ್ಲಿ ಒಪ್ಪಿಗೆ ಕೊಟ್ಟಿದೆ. ಉಳಿದ ಹೆಚ್ಚಿನವರಲ್ಲಿ ಆನುವಂಶಿಕ ಅಪಾಯವೆಂಬುದು ಒಂದೊಂದೂ ಸಾಸಿವೆಯಷ್ಟು ತೂಗುವ ನೂರಾರು ರೂಪಾಂತರಗಳ ಒಟ್ಟು ಮೊತ್ತ. ಹೀಗೆ ಗುರುತಿಸಲಾದ ರೂಪಾಂತರಗಳ ಸಂಖ್ಯೆ 2021ರಲ್ಲಿ 269 ಇದ್ದದ್ದು, 1,56,319 ರೋಗಿಗಳನ್ನೂ 7,88,443 ಇತರರನ್ನೂ ಒಳಗೊಂಡ 2023ರ ಅಧ್ಯಯನದ ಹೊತ್ತಿಗೆ 451 ಆಯಿತು. ಇವನ್ನು ಕೂಡಿಸಿ ಒಬ್ಬೊಬ್ಬನಿಗೂ ಒಂದು ಅಂಕ ಕೊಡಬಹುದು. 2021ರ ಲೆಕ್ಕದಲ್ಲಿ ಯುರೋಪಿಯನ್ ಮೂಲದವರಿಗೆ ಹೋಲಿಸಿದರೆ ಈ ಅಂಕ ಸೂಚಿಸುವ ಸರಾಸರಿ ಅಪಾಯ ಆಫ್ರಿಕನ್ ಮೂಲದವರಲ್ಲಿ ಎರಡು ಪಟ್ಟಿಗಿಂತ ತುಸು ಹೆಚ್ಚು, ಪೂರ್ವ ಏಷ್ಯಾದವರಲ್ಲಿ ಮುಕ್ಕಾಲು ಪಾಲಿನಷ್ಟು.

ಆದರೆ ಒಂದು ವ್ಯಂಗ್ಯ ಇಲ್ಲಿಯೇ ಇದೆ. ಅಂಕದಲ್ಲಿ ಮೇಲಿನ ಹತ್ತನೆಯ ಒಂದು ಭಾಗಕ್ಕೆ ಬಿದ್ದವರ ಅಪಾಯ, ಮಧ್ಯದಲ್ಲಿರುವವರಿಗೆ ಹೋಲಿಸಿದರೆ, ಯುರೋಪಿಯನ್ ಮೂಲದವರಲ್ಲಿ ಸುಮಾರು ಐದು ಪಟ್ಟು; ಆಫ್ರಿಕನ್ ಮೂಲದವರಲ್ಲಿ ನಾಲ್ಕು ಪಟ್ಟಿಗಿಂತ ಕಡಿಮೆ. ಅಂದರೆ ಕಾಯಿಲೆಯ ಹೊರೆ ಯಾರ ಮೇಲೆ ಹೆಚ್ಚೋ ಅವರನ್ನು ಬೇರ್ಪಡಿಸಿ ನೋಡುವುದರಲ್ಲಿಯೇ ಈ ಅಂಕ ಮಂಕು. ಕಾರಣ ರಹಸ್ಯವಲ್ಲ. ಇಂಥ ಜೀನ್ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ 2009ರಲ್ಲಿ ಶೇ. 96 ಮಂದಿ ಯುರೋಪಿಯನ್ ಮೂಲದವರಾಗಿದ್ದರು, 2016ರಲ್ಲಿ ಶೇ. 81. ಯಾರ ರಕ್ತದಿಂದ ಅಳತೆಗೋಲು ತಯಾರಾಯಿತೋ ಅವರನ್ನೇ ಅದು ಚೆನ್ನಾಗಿ ಅಳೆಯುತ್ತದೆ. ಬ್ರಿಟನ್ನಿನ ಬಾರ್‌ಕೋಡ್1 ಅಧ್ಯಯನದ ಫಲಿತಾಂಶ 2025ರಲ್ಲಿ ಬಂದಾಗ ನಾನು ಆಸೆಯಿಂದ ಓದಿದೆ. 55ರಿಂದ 69 ವಯಸ್ಸಿನವರಲ್ಲಿ 130 ರೂಪಾಂತರಗಳ ಅಂಕ ತೆಗೆದು, ಮೇಲಿನ ಹತ್ತನೆಯ ಒಂದು ಭಾಗದವರಿಗೆ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನಿನ ಮಟ್ಟ, ಎಷ್ಟೇ ಇರಲಿ ಎಂಆರ್‌ಐ ಮತ್ತು ಬಯಾಪ್ಸಿ ಮಾಡಿದಾಗ, ಬಯಾಪ್ಸಿಗೆ ಬಂದ 468 ಮಂದಿಯಲ್ಲಿ 187 ಮಂದಿಗೆ ಕ್ಯಾನ್ಸರ್ ಇತ್ತು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯದು ಚಿಕಿತ್ಸೆಯ ಯೋಚನೆ ಮಾಡಬೇಕಾದ ದರ್ಜೆಯದು. ಒಳ್ಳೆಯ ಕೆಲಸವೇ, ಆದರೆ ಅದರಲ್ಲಿದ್ದವರೆಲ್ಲ ಯುರೋಪಿಯನ್ ಮೂಲದವರು. ಅಲ್ಲದೆ ಈ ಅಂಕ, ಕ್ಯಾನ್ಸರ್ ಬರಬಹುದೇ ಎಂಬುದನ್ನು ಹೇಳುವಷ್ಟು ಚೆನ್ನಾಗಿ, ಬರುವ ಕ್ಯಾನ್ಸರ್ ಸುಮ್ಮನೆ ಮಲಗಿರುವಂಥದೋ ಮೈಯೆಲ್ಲ ಹರಡುವಂಥದೋ ಎಂಬುದನ್ನು ಹೇಳುವುದಿಲ್ಲ.

ಜೀನುಗಳ ಮಾತೇ ಆಡುತ್ತಿರುವುದರಿಂದ ಉಳಿದದ್ದನ್ನು ಮರೆಯಬಾರದು. ಜಪಾನಿನಲ್ಲಿ ಈ ಕ್ಯಾನ್ಸರ್ ಅಪರೂಪವಾಗಿದ್ದ ಕಾಲದಲ್ಲಿ ಅಮೆರಿಕಕ್ಕೆ ವಲಸೆ ಹೋದ ಜಪಾನೀಯರಲ್ಲಿ ಅದರ ಪ್ರಮಾಣ ಏರಿತು. ಡಿಎನ್‌ಎ ಹಡಗಿನಲ್ಲಿ ಬದಲಾಗಲಿಲ್ಲ, ಬದಲಾದದ್ದು ಬದುಕು ಮತ್ತು ವೈದ್ಯರು ಹುಡುಕುವ ಉತ್ಸಾಹ. ಅಮೆರಿಕದಲ್ಲಿ ಕಪ್ಪು ವರ್ಣೀಯರು ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಪ್ರಮಾಣದಲ್ಲಿ ಈ ಕಾಯಿಲೆಯಿಂದ ಸಾಯುತ್ತಾರೆ. ಆದರೆ ಮೂರು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು, ಒಂದೇ ಹಂತದಲ್ಲಿರುವ ಕಾಯಿಲೆಗೆ ಒಂದೇ ಬಗೆಯ ಚಿಕಿತ್ಸೆ ಸಿಕ್ಕರೆ ಆ ಸಾವಿನ ಅಂತರ ಬಹುಪಾಲು ಮಾಯವಾಗುತ್ತದೆ ಎಂದು ತೋರಿಸಿತು. ಸಾವಿನ ಎಣಿಕೆಯನ್ನೆಲ್ಲ ವಂಶವಾಹಿಯ ತಲೆಗೆ ಕಟ್ಟಿಬಿಟ್ಟರೆ ಆಸ್ಪತ್ರೆಯ ಬಾಗಿಲು ಯಾರಿಗೆ ತಡವಾಗಿ ತೆರೆಯಿತು ಎಂದು ಕೇಳುವ ಅಗತ್ಯವೇ ಇರುವುದಿಲ್ಲ. ಅದು ತುಂಬ ಅನುಕೂಲಕರವಾದ ಮರೆವು ಎಂದು ನನ್ನ ಅನಿಸಿಕೆ.

ಅಣ್ಣನ ವರದಿ ಬರಲು ಒಂದೂವರೆ ತಿಂಗಳಾಯಿತು. ಕಾಯಿಲೆ ಬಂದವನ ರಕ್ತವನ್ನೇ ಮೊದಲು ಪರೀಕ್ಷಿಸಬೇಕು, ಆರೋಗ್ಯವಾಗಿರುವ ತಮ್ಮನದಲ್ಲ ಎಂಬುದು ಅವರ ನಿಯಮ. ನನ್ನಲ್ಲಿ ಏನೂ ಸಿಗದಿದ್ದರೆ ಕುಟುಂಬದಲ್ಲಿ ದೋಷವಿಲ್ಲವೆಂದಲ್ಲ, ನನಗೆ ದಾಟಿಲ್ಲವೆಂದೂ ಆಗಬಹುದು. ಬಿಆರ್‌ಸಿಎ2ರಲ್ಲಿ ದೋಷವಿರಲಿಲ್ಲ, ಎಚ್‌ಒಎಕ್ಸ್‌ಬಿ13ರಲ್ಲಿಯೂ ಇಲ್ಲ. ಆದರೆ ಡಿಎನ್‌ಎ ದುರಸ್ತಿ ಮಾಡುವ ಜೀನುಗಳಲ್ಲಿ ಒಂದಾದ ಎಟಿಎಂ ಎಂಬುದರ ಎದುರು ಒಂದು ಸಾಲಿತ್ತು: ಅರ್ಥ ಖಚಿತವಾಗದ ರೂಪಾಂತರ. ಅಕ್ಷರವೊಂದು ಬದಲಾಗಿದೆ, ಅದು ಕೆಡುಕಿನದೋ ನಿರುಪದ್ರವಿಯೋ ಹೇಳುವಷ್ಟು ಜನರಲ್ಲಿ ಅದನ್ನು ಈವರೆಗೆ ಕಂಡಿಲ್ಲ, ಎಂದು ಅದರ ತಾತ್ಪರ್ಯ. ಯುರೋಪಿಯನ್ ಮೂಲದವರಿಗಿಂತ ಉಳಿದವರ ವರದಿಗಳಲ್ಲಿ ಈ ಸಾಲು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ ಎಂದು ಕೌನ್ಸೆಲರ್ ಹೇಳಿದರು. ಹೋಲಿಸಲು ಇಟ್ಟಿರುವ ಕಡತಗಳಲ್ಲಿ ನಮ್ಮಂಥವರು ಕಡಿಮೆ. ನಮ್ಮ ಪೂರ್ವಜರಲ್ಲಿ ಸಾಮಾನ್ಯವಾಗಿರಬಹುದಾದ ಅಕ್ಷರವೂ ಆ ಕಡತಕ್ಕೆ ಅಪರಿಚಿತನಂತೆ ಕಾಣುತ್ತದೆ. "ಇದನ್ನು ಆಧಾರವಾಗಿಟ್ಟುಕೊಂಡು ಯಾವ ನಿರ್ಧಾರವನ್ನೂ ಮಾಡಬೇಡಿ, ನೆಂಟರಿಗೆ ಪರೀಕ್ಷೆಯನ್ನೂ ಮಾಡಿಸಬೇಡಿ" ಎಂದು ಅವರು ಬರವಣಿಗೆಯಲ್ಲಿಯೇ ಕೊಟ್ಟರು. ಅಣ್ಣ ಆದರೂ ಆ ಸಾಲನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡು ಎಷ್ಟೋ ರಾತ್ರಿ ಅದನ್ನೇ ಹಿಗ್ಗಿಸಿ ನೋಡುತ್ತಿದ್ದ.

ಆ ನಡುವೆ ಅಕ್ಕ ಹಳೆಯ ಟ್ರಂಕಿನಿಂದ ಸೋದರಮಾವನ ಒಂದು ಲ್ಯಾಬ್ ಚೀಟಿಯನ್ನು ಹುಡುಕಿ ತಂದಳು. ಅಂಚು ಹರಿದಿತ್ತು, ಶಾಯಿ ಮಾಸಿತ್ತು, ಆದರೆ ಪಿಎಸ್‌ಎ ಎಂಬ ಮೂರಕ್ಷರದ ಎದುರು ಮೂರಂಕಿಯ ಸಂಖ್ಯೆಯೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ಒಂದಂಕಿಯಲ್ಲಿರಬೇಕಾದ ಜಾಗದಲ್ಲಿ ಮೂರಂಕಿ. ಕೌನ್ಸೆಲರ್ ಆ ಹಾಳೆಯನ್ನು ಮತ್ತೆ ಹೊರತೆಗೆದು, ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸದೆ ಅದರ ಮೇಲೆಯೇ ಚೌಕವನ್ನು ಕಪ್ಪು ಮಾಡಿದರು. ತಾಯಿಯ ಕಡೆಯಿಂದ ಒಂದು, ನಮ್ಮ ತಲೆಮಾರಿನಲ್ಲಿ ಒಂದು. ನನ್ನ ಚೌಕದ ಪಕ್ಕದಲ್ಲಿ ಅವರು ವರ್ಷಕ್ಕೊಮ್ಮೆ ಪಿಎಸ್‌ಎ ಎಂದು ಬರೆದರು. ಇದಕ್ಕೆ ಯಾವ ಜೀನಿನ ಹೆಸರೂ ಬೇಕಾಗಿರಲಿಲ್ಲ.

ಎರಡು ವರ್ಷದ ನಂತರ, ಕಳೆದ ತಿಂಗಳು, ಪ್ರಯೋಗಾಲಯದಿಂದ ಒಂದು ಪುಟದ ಪತ್ರ ಬಂತು. ಎಟಿಎಂ ಜೀನಿನ ಆ ರೂಪಾಂತರ ಈಗ ಸಾಕಷ್ಟು ಮಂದಿ ಆರೋಗ್ಯವಂತರಲ್ಲಿ ಕಂಡುಬಂದಿರುವುದರಿಂದ ಅದನ್ನು ನಿರುಪದ್ರವಿ ಎಂದು ಮರುವರ್ಗೀಕರಿಸಲಾಗಿದೆ ಎಂದು ಅದರಲ್ಲಿತ್ತು. ಅಣ್ಣ ಅದನ್ನು ಓದಿ, ಫೋನಿನಲ್ಲಿದ್ದ ಹಳೆಯ ಫೋಟೋವನ್ನು ಅಳಿಸಿದ. ಹಾಳೆಯ ಮೇಲಿನ ಎರಡು ಕಪ್ಪು ಚೌಕಗಳು ಹಾಗೆಯೇ ಇವೆ, ನನ್ನ ಪಿಎಸ್‌ಎ ಮುಂದಿನ ಗುರುವಾರ.